ಸೋಮವಾರ ಬೆಳಗ್ಗೆ ಶಟರ್ ಎತ್ತೋರು ಯಾರು?

ನಮ್ಮ ದೊಡ್ಡಪ್ಪ ತೀರಿಕೊಂಡ ಮುಂದಿನ ವಾರವೇ ಅವರ ಅಂಗಡಿಯ ಕರೆಂಟ್ ಅಕೌಂಟ್ ನಿಂತುಹೋಯಿತು. ಬ್ಯಾಂಕಿನವರದ್ದು ತಪ್ಪೇನಿಲ್ಲ. ಅಕೌಂಟು, ಲೈಸೆನ್ಸು, ಜಿಎಸ್‌ಟಿ ನಂಬರು ಎಲ್ಲ ದೊಡ್ಡಪ್ಪ ಒಬ್ಬರ ಹೆಸರಲ್ಲೇ ಇದ್ದವು. ಇಂಥ ಅಂಗಡಿಯಲ್ಲಿ ಯಜಮಾನ ಹೋದರೆ ಆ ಜಿಎಸ್‌ಟಿ ನಂಬರನ್ನು ಮಗ ಹಾಗೇ ಮುಂದುವರಿಸೋಕೆ ಬರೋದಿಲ್ಲ. ಹೊಸದು ಮಾಡಿಸಬೇಕು, ಹಳೆಯದರಲ್ಲಿ ಉಳಿದ ತೆರಿಗೆ ಕ್ರೆಡಿಟ್ಟನ್ನು, ಅಂದರೆ ಮಾಲು ಕೊಳ್ಳುವಾಗ ಕಟ್ಟಿ ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ದುಡ್ಡನ್ನು, ಬೇರೆ ಫಾರಂ ಹಾಕಿ ವರ್ಗಾಯಿಸಿಕೊಳ್ಳಬೇಕು. ಅತ್ತ ಅವರು ಬರೆದುಕೊಟ್ಟಿದ್ದ ಚೆಕ್‌ಗಳು ಒಂದೊಂದೇ ವಾಪಸ್ ಬರ್ತಿದ್ದವು. ದೊಡ್ಡಮ್ಮನಿಗೆ ಅಳೋಕೂ ಪುರುಸೊತ್ತಿರಲಿಲ್ಲ.

ಅದನ್ನೆಲ್ಲ ನೋಡಿ ನಾನು ದಾವಣಗೆರೆಗೆ ಹೋದಾಗ ಅಪ್ಪಾಜಿಗೆ ಹೇಳಿದೆ, ನಮ್ಮದನ್ನೂ ಒಂದು ದಾರಿಗೆ ಹಚ್ಚಿಬಿಡೋಣ ಅಂತ. ನಮ್ಮದು ಹಾರ್ಡ್‌ವೇರ್ ಮತ್ತು ಬಣ್ಣದ ಅಂಗಡಿ. ಅಪ್ಪಾಜಿ ತಟ್ಟೆಯಿಂದ ತಲೆ ಎತ್ತಲಿಲ್ಲ. 'ನಾನು ಯಾವಾಗ ಹೋಗ್ತೀನಿ ಅಂತ ಕಾಯ್ತಾ ಇದ್ದೀರೇನು?' ಅಂದರು. ಮುಗೀತು. ಮತ್ತೆ ಎರಡು ವರ್ಷ ಯಾರೂ ಆ ಮಾತೆತ್ತಲಿಲ್ಲ.

ಅಂಗಡಿ ಮುಂದೆ ಯಾರಿಗೆ, ಹೇಗೆ ಅಂತ ಗೊತ್ತುಮಾಡಿಕೊಡೋ ಸಲಹೆಗಾರರು ಬೇಕಾಗೋದು ಇಲ್ಲೇ ಅಂತ ನನಗೀಗ ಅನ್ನಿಸುತ್ತೆ. ಕಾಗದಪತ್ರ ಯಾರು ಬೇಕಾದರೂ ಮಾಡಿಕೊಡ್ತಾರೆ. ಮಕ್ಕಳು ಕೇಳಿದರೆ ದುರಾಸೆ, ಸೊಸೆ ಕೇಳಿದರೆ ಮನೆ ಒಡೆಯೋ ಮಾತು. ಅದೇ ಪ್ರಶ್ನೆಯನ್ನು ಹೊರಗಿನವರು ಕೇಳಿದರೆ ಅದೊಂದು ವ್ಯವಹಾರದ ಮಾತು, ಅಷ್ಟೇ.

ಮೊದಲು ನಾನೇ ಬೆಂಗಳೂರಿಂದ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ಕೋಟು, ಲ್ಯಾಪ್‌ಟಾಪು, ಫ್ಯಾಮಿಲಿ ಟ್ರಸ್ಟು ಅಂತ ದೊಡ್ಡ ದೊಡ್ಡ ಮಾತು. ಕೊನೆಗೆ ಹೋಗಿ ನಿಂತಿದ್ದು ಇನ್ಶೂರೆನ್ಸ್ ಪಾಲಿಸಿಯಲ್ಲಿ, ಅದೂ ಎಪ್ಪತ್ತೆರಡು ವಯಸ್ಸಿನ ಅಪ್ಪಾಜಿಗೆ! ಅವರು ಮಜ್ಜಿಗೆ ಕೊಟ್ಟು ಕಳಿಸಿದರು. ಸಲಹೆಗೆ ಫೀಸು ತಗೊಳ್ಳೋರು ಬೇರೆ, ಕಮಿಷನ್ನಿಗೆ ಸಲಹೆ ಕೊಡೋರು ಬೇರೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಆಮೇಲೆ ಬಂದವರು ನಮ್ಮೂರಿನ ಒಬ್ಬ ಹಿರಿಯ ಆಡಿಟರು. ಆಫೀಸಿಗೆ ಬನ್ನಿ ಅನ್ನಲಿಲ್ಲ, ಭಾನುವಾರ ಮನೆಗೇ ಬಂದರು. ಹಾಕಿದ್ದು ಒಂದೇ ಷರತ್ತು: ಮದುವೆಯಾಗಿ ರಾಣೆಬೆನ್ನೂರಲ್ಲಿರೋ ಅಕ್ಕನೂ ಇರಬೇಕು, ತಮ್ಮನ ಹೆಂಡತಿಯೂ ಕೂತಿರಬೇಕು. ಮಂಡಕ್ಕಿ, ಮೆಣಸಿನಕಾಯಿ ಮುಗಿಯೋವರೆಗೆ ಮಳೆ, ಬೆಳೆ ಅಂತ ಮಾತಾಡಿದರು. ಕೈ ತೊಳೆದು ಬಂದು ಕೂತು ಕೇಳಿದರು, 'ಯಜಮಾನ್ರೇ, ನಾಳೆ ನೀವು ಆಸ್ಪತ್ರೆ ಸೇರಿದ್ರಿ ಅಂತಿಟ್ಕೊಳ್ಳಿ. ಸೋಮವಾರ ಬೆಳಗ್ಗೆ ಶಟರ್ ಎತ್ತೋರು ಯಾರು?'

ಅಮ್ಮ ಎದ್ದು ಟಿವಿ ಆರಿಸಿದರು.

ಅಪ್ಪಾಜಿ ತಮ್ಮನ ಕಡೆ ನೋಡಿದರು. ಅವನು ಹದಿನೆಂಟು ವರ್ಷದಿಂದ ದಿನಾ ಶಟರ್ ಎತ್ತುತ್ತಾನೆ. ಅವತ್ತಿನವರೆಗೆ ಸಂಬಳ ಅಂತ ಒಂದು ರೂಪಾಯಿ ತಗೊಂಡವನಲ್ಲ. ಖರ್ಚಿಗೆ ಗಲ್ಲಾದಿಂದ ಕೇಳಿ ಪಡೀಬೇಕಿತ್ತು. ಆಡಿಟರು ಅದನ್ನು ಹಾಳೆ ಮೇಲೆ ಬರೆದುಕೊಂಡಾಗ ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮೂರು ಮಕ್ಕಳಿಗೂ ಸಮ ಅಂತ ನಾನೇ ಎಲ್ಲ ಕಡೆ ಹೇಳಿಕೊಂಡು ತಿರುಗ್ತಿದ್ದೆ.

ಅವರು ಅಂಗಡಿಯನ್ನು ಎರಡಾಗಿ ನೋಡಿ ಅಂದರು. ಕಟ್ಟಡ ಒಂದು, ವ್ಯಾಪಾರ ಇನ್ನೊಂದು. ವ್ಯಾಪಾರ ಅಪ್ಪಾಜಿ ಸ್ವಂತ ದುಡಿಮೆ, ಯಾರಿಗೆ ಬೇಕಾದರೂ ವಿಲ್ ಬರೀಬಹುದು. ಕಟ್ಟಡದ ಜಾಗ ಮುತ್ತಜ್ಜನ ಕಾಲದಿಂದ ಬಂದ ಪಿತ್ರಾರ್ಜಿತ, ಅದರಲ್ಲಿ ಅಕ್ಕನಿಗೂ ನಮ್ಮಷ್ಟೇ ಹಕ್ಕು. 'ಅವಳಿಗೆ ಮದುವೆಯಲ್ಲಿ ಬಂಗಾರ ಹಾಕಿದೀವಲ್ಲ' ಅಂತ ಅಪ್ಪಾಜಿ ಅಂದರು. ಬಂಗಾರ ಹಾಕಿದ್ರೆ ಹಕ್ಕು ಹೋಗಲ್ಲ ಯಜಮಾನ್ರೇ ಅಂದರು ಇವರು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಈ ಪಾಲು ಕೊಟ್ಟಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ಹುಟ್ಟಿನಿಂದಲೇ ಬರೋ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿಬಿಟ್ಟಿತು. ಅಕ್ಕ ಅವತ್ತು ಬಾಯಿಬಿಟ್ಟಿದ್ದು ಒಂದೇ ಸಲ. 'ನಂಗೆ ಜಾಗ ಬೇಡ, ಆದ್ರೆ ಕೇಳ್ಬೇಕಿತ್ತು' ಅಂದಳು. ಕಡೆಗೆ ಅವಳ ಪಾಲನ್ನೂ ಬರೆಸಿದೆವು. ಅಪ್ಪಾಜಿ ನಂತರ ವ್ಯಾಪಾರ ಪೂರ್ತಿ ತಮ್ಮನದ್ದು, ಆಗ ಅವನು ನಮ್ಮಿಬ್ಬರಿಗೆ ಬಾಡಿಗೆ ಕೊಡಬೇಕು ಅಂತಾಯಿತು.

ಇದು ಬರೀ ಸಣ್ಣ ಅಂಗಡಿಗಳ ಪಾಡಲ್ಲ. ಧೀರೂಭಾಯಿ ಅಂಬಾನಿ 2002ರಲ್ಲಿ ವಿಲ್ ಬರೆಯದೆ ಹೋದರು. ಅಣ್ಣತಮ್ಮಂದಿರ ಜಗಳ ಪಾಲಿಗೆ ಬಂದು ನಿಂತಿದ್ದು 2005ರಲ್ಲಿ, ತಾಯಿ ಕೋಕಿಲಾಬೆನ್ ನಡುವೆ ಬಂದ ಮೇಲೆ. ಆ ರಾಜಿಯಲ್ಲಿ ನಮ್ಮ ಮಂಗಳೂರಿನ ಬ್ಯಾಂಕರ್ ಕೆ.ವಿ. ಕಾಮತರ ಕೈ ಇತ್ತು ಅಂತ ಪತ್ರಿಕೆಗಳು ಬರೆದಿದ್ದವು. ಅವರಿಗೆ ಕಾಮತ್, ನಮಗೆ ಆಡಿಟರು!

ವಿಲ್‌ಗೆ ಸ್ಟ್ಯಾಂಪ್ ಪೇಪರ್ ಬೇಕಿಲ್ಲ, ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿದೆವು. ಇನ್ನೊಂದು ಮಾತು, ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೀವಿ ಅಂತ ಸುಮ್ನೆ ಕೂರಬೇಡಿ. ನಾಮಿನಿ ಕೈಗೆ ದುಡ್ಡು ಬರುತ್ತೆ, ಆದರೆ ಅದು ಸೇರಬೇಕಾದ್ದು ವಾರಸುದಾರರಿಗೇ.

ಇಷ್ಟೆಲ್ಲದರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಕಾನೂನಿನ ಕೆಲಸವೇ ಅಲ್ಲ. ಅಪ್ಪಾಜಿಯ ಉದ್ರಿ ಪುಸ್ತಕ ಇದೆಯಲ್ಲ, ಅದರಲ್ಲಿ ಒಂದು ಹೆಸರೂ ನೆಟ್ಟಗಿಲ್ಲ. 'ಗಿಡ್ಡ ಮೇಸ್ತ್ರಿ', 'ಕೆಂಪು ಮನೆ', 'ಹರಿಹರದ ಅಳಿಯ'. ಎದುರಿಗೆ ಮೊತ್ತ, ಅಷ್ಟೇ. ಅಪ್ಪಾಜಿ ಹೋದರೆ ಅಷ್ಟೂ ಉದ್ರಿ ಅವರ ಜೊತೆಗೇ ಹೋದಂಗೆ. ದಿನಾ ಸಂಜೆ ಒಂದು ತಾಸು ಅಪ್ಪಾಜಿ ಹೇಳಬೇಕು, ತಮ್ಮ ಪೂರ್ತಿ ಹೆಸರು, ಊರು, ಫೋನ್ ನಂಬರ್ ಬರೆದುಕೊಳ್ಳಬೇಕು ಅಂತ ಆಡಿಟರು ಕಟ್ಟುಮಾಡಿದರು. ಎರಡು ತಿಂಗಳು ಹಿಡಿಯಿತು. ಅಪ್ಪ ಮಗ ಅಷ್ಟು ಹೊತ್ತು ಎದುರುಬದುರು ಕೂತಿದ್ದನ್ನು ನಾನಂತೂ ನೋಡಿರಲಿಲ್ಲ. 'ಹರಿಹರದ ಅಳಿಯ' ಯಾರ ಅಳಿಯ ಅನ್ನೋದು ಮಾತ್ರ ಅಪ್ಪಾಜಿಗೂ ನೆನಪಾಗಿಲ್ಲ.

ಫೀಸಿನ ವಿಷಯಕ್ಕೆ ಒಂದು ಗಂಟೆ ಚೌಕಾಸಿ ನಡೀತು, ಅದು ಬಿಡಿ. ತಮ್ಮನಿಗೆ ಈಗ ತಿಂಗಳ ಸಂಬಳ ಬರುತ್ತೆ. ಚೆಕ್‌ಗೆ ಅವನೂ ಸಹಿ ಹಾಕ್ತಾನೆ. ಗಲ್ಲಾದ ಕೀಲಿ ಮಾತ್ರ ಇನ್ನೂ ಅಪ್ಪಾಜಿಯ ಉಡದಾರದಲ್ಲೇ ಇದೆ.