ಕಾಗೆ, ಟೊಂಗೆ ಮತ್ತು ಲಿಫ್ಟಿನ ಗುಂಡಿ

ಲಿಫ್ಟಿಗಾಗಿ ಕಾಯುತ್ತ ನಿಂತವರನ್ನು ಒಂದು ನಿಮಿಷ ಗಮನಿಸಿ. ಮೊದಲು ಬಂದವರು ಗುಂಡಿ ಒತ್ತಿಯಾಗಿದೆ, ಗುಂಡಿಯ ಸುತ್ತ ದೀಪವೂ ಹತ್ತಿದೆ. ಎರಡನೆಯವರು ಬಂದು ಆ ದೀಪವನ್ನು ನೋಡುತ್ತಲೇ ಇನ್ನೊಮ್ಮೆ ಒತ್ತುತ್ತಾರೆ, ಮೊದಲನೆಯವರ ಬೆರಳಿನಲ್ಲಿ ಕಸುವು ಸಾಲದೇನೋ ಎಂಬಂತೆ. ಮೂರನೆಯವರು ಅವಸರದವರು, ಟಕಟಕಟಕ ಎಂದು ಏಳೆಂಟು ಸಲ ಕುಟ್ಟುತ್ತಾರೆ. ಲಿಫ್ಟನ್ನು ನಡೆಸುವ ಪೆಟ್ಟಿಗೆಗೆ ಮೊದಲ ಸಲವೇ ಸುದ್ದಿ ಮುಟ್ಟಿರುತ್ತದೆ. ಇಂಥ ಮಹಡಿಯಲ್ಲಿ ಜನ ಕಾಯುತ್ತಿದ್ದಾರೆ ಎಂದು ಅದು ಒಂದು ಗುರುತು ಹಾಕಿಕೊಂಡಿರುತ್ತದೆ. ಆ ಗುರುತಿನ ಮೇಲೆ ಹತ್ತು ಸಲ ತಿದ್ದಿದರೂ ಅದು ಅದೇ ಗುರುತು. ಆದರೆ ಲಿಫ್ಟು ಹೇಗೂ ಬಂದೇ ಬರುತ್ತದಲ್ಲ! ಬಂದಾಗ ಯಾರ ಬೆರಳು ಗುಂಡಿಯ ಮೇಲಿತ್ತೋ, ಕರೆಸಿದ ಪುಣ್ಯ ಅವರದು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಎಂಬ ಮಾತು ಹುಟ್ಟುವಾಗ ಲಿಫ್ಟ್ ಇರಲಿಲ್ಲ, ಅಷ್ಟೆ.

ಈ ಮೂವರನ್ನೂ ಕೇಳಿ ನೋಡಿ, ಮೂಢನಂಬಿಕೆಯೆಂದರೆ ಮೂವರಿಗೂ ಆಗುವುದಿಲ್ಲ. ಮೂಢನಂಬಿಕೆ ಯಾವತ್ತೂ ಪಕ್ಕದ ಮನೆಯವರದು. ನಮ್ಮದಾದರೆ ಅದಕ್ಕೆ ಅಭ್ಯಾಸ ಎಂದು ಹೆಸರು, ತೀರಾ ಒತ್ತಾಯಿಸಿದರೆ ಅನುಭವ.

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಎಂಟು ಹಸಿದ ಪಾರಿವಾಳಗಳನ್ನು ತೆಗೆದುಕೊಂಡು ಪಂಜರದಲ್ಲಿ ಒಂದು ವ್ಯವಸ್ಥೆ ಮಾಡಿದರು. ಹಕ್ಕಿ ಏನೇ ಮಾಡಲಿ, ಮಾಡದಿರಲಿ, 15 ಸೆಕೆಂಡಿಗೊಮ್ಮೆ ಕಾಳಿನ ತಟ್ಟೆ ಐದು ಸೆಕೆಂಡು ಎದುರಿಗೆ ಬರುತ್ತಿತ್ತು. ಹಕ್ಕಿ ಮಾಡಬೇಕಾದ್ದು ಸುಮ್ಮನೆ ಕೂರುವುದು. ಅದೇ ಅದರ ಕೈಲಾಗಲಿಲ್ಲ. ಕಾಳು ಬಂದ ಗಳಿಗೆಯಲ್ಲಿ ಒಂದು ಹಕ್ಕಿ ಗಿರಕಿ ಹೊಡೆಯುತ್ತಿತ್ತು. ಗಿರಕಿಯಿಂದಲೇ ಕಾಳು ಬಂತು ಎಂಬ ಲೆಕ್ಕದಲ್ಲಿ ಮತ್ತೆ ಗಿರಕಿ ಹೊಡೆಯಿತು. ಅಷ್ಟರಲ್ಲಿ ಮತ್ತೆ ಕಾಳು. ಇನ್ನೊಂದು ಪಂಜರದ ಮೇಲಿನ ಮೂಲೆಗೆ ತಲೆ ತೂರಿಸಲು ಶುರುಮಾಡಿತು. ಎರಡು ಹಕ್ಕಿಗಳು ಗಡಿಯಾರದ ಲೋಲಕದಂತೆ ತಲೆ ಓಲಾಡಿಸುವ ಸಂಪ್ರದಾಯ ಹಿಡಿದವು. ಎಂಟರಲ್ಲಿ ಆರು ಹಕ್ಕಿಗಳಿಗೆ ಇಂಥ ಒಂದೊಂದು ಸ್ವಂತ ವಿಧಿ ಅಂಟಿಕೊಂಡಿತು. ಕಾಳು ಕೊಡುವುದನ್ನು ನಿಲ್ಲಿಸಿದ ಮೇಲೂ ಒಂದು ಹಕ್ಕಿ 10,000ಕ್ಕೂ ಹೆಚ್ಚು ಸಲ ತನ್ನ ಕುಣಿತ ಮುಂದುವರಿಸಿತಂತೆ. ಹಸಿದ ಪಾರಿವಾಳ ಕಾಳು ಬರುವ ಹೊತ್ತಿಗೆ ಹೇಗೂ ಹಾಗೆ ಕುಕ್ಕುತ್ತದೆ, ಓಡಾಡುತ್ತದೆ, ಅದನ್ನೆಲ್ಲ ಮೂಢನಂಬಿಕೆಯ ಖಾತೆಗೆ ಹಾಕಬೇಡಿ ಎಂದು 1971ರಲ್ಲಿ ಸಂಶೋಧಕರಾದ ಸ್ಟ್ಯಾಡನ್ ಮತ್ತು ಸಿಮ್ಮೆಲ್‌ಹ್ಯಾಗ್ ತಕರಾರು ತೆಗೆದರು. ತಕರಾರಿನಲ್ಲಿ ಹುರುಳಿದೆ. ಆದರೆ ಅಷ್ಟರಲ್ಲಾಗಲೇ ಲಿಫ್ಟಿನ ಮುಂದೆ ನಿಂತವರನ್ನು ನೋಡಿದವರಿಗೆ ಸ್ಕಿನ್ನರ್ ಹೇಳಿದ್ದೇ ಹಿಡಿಸಿಬಿಟ್ಟಿತ್ತು.

ಮನುಷ್ಯರ ಮೇಲೂ ಇದನ್ನು ಮಾಡಿ ನೋಡಿದ್ದಾರೆ. 1987ರಲ್ಲಿ ಜಪಾನಿನ ಕೊಯಿಚಿ ಓನೊ 20 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಒಂದು ಕೋಣೆಯಲ್ಲಿ ಕೂರಿಸಿದರು. ಮೇಜಿನ ಮೇಲೆ ಮೂರು ಲಿವರ್, ಎದುರಿಗೆ ಅಂಕ ತೋರಿಸುವ ಪೆಟ್ಟಿಗೆ. ಅಂಕ ಗಳಿಸಿ ಎಂದರು, ಹೇಗೆ ಎಂದು ಹೇಳಲಿಲ್ಲ. ಅಂಕಗಳು ತಮ್ಮ ಪಾಡಿಗೆ ತಾವು ಏರುತ್ತಿದ್ದವು, ಲಿವರಿಗೂ ಅವಕ್ಕೂ ಸಂಬಂಧವೇ ಇರಲಿಲ್ಲ. ಹೆಚ್ಚಿನವರಲ್ಲಿ ಇಂಥ ವಿಧಿ ಬಹಳ ಹೊತ್ತು ನಿಲ್ಲಲಿಲ್ಲ. ಒಬ್ಬ ವಿದ್ಯಾರ್ಥಿನಿ ಮಾತ್ರ ಲಿವರ್ ಬಿಟ್ಟು, ಗೋಡೆ ಮುಟ್ಟಿ, ಮೇಜು ಹತ್ತಿ, ಕೊನೆಗೆ ಕೈಯಲ್ಲಿ ಚಪ್ಪಲಿ ಹಿಡಿದು ಹಾರಿ ಹಾರಿ ಸೂರು ಮುಟ್ಟುವ ಹಂತ ತಲುಪಿದಳು. ಸೂರು ಮುಟ್ಟಿದಾಗಲೇ ಒಂದು ಅಂಕ ಬಿದ್ದಿತ್ತು, ಅವಳಾದರೂ ಏನು ಮಾಡಿಯಾಳು! ಆಮೇಲೆ ನಿಲ್ಲಿಸಿದಳು. ತತ್ವ ಹೊಳೆದು ನಿಲ್ಲಿಸಿದಳೆಂದು ಭಾವಿಸಬೇಡಿ, ಬಹುಶಃ ಸುಸ್ತಾಗಿತ್ತು.

ರಿಮೋಟಿನ ಸಂಗತಿ ಇದಕ್ಕಿಂತ ಸೂಕ್ಷ್ಮ. ಟಿ.ವಿ. ಮಾತು ಕೇಳದಿದ್ದಾಗ ನಾವು ನಡೆಸುವ ಕರ್ಮಕ್ಕೊಂದು ಕ್ರಮವಿದೆ. ಮೊದಲು ಗುಂಡಿಯನ್ನು ಜೋರಾಗಿ ಒತ್ತುವುದು. ಆಮೇಲೆ ತೋಳನ್ನು ಪೂರಾ ಚಾಚಿ ಒತ್ತುವುದು. ಆಮೇಲೆ ರಿಮೋಟಿನ ಬೆನ್ನಿಗೆ ಎರಡೇಟು. ಬಗ್ಗದಿದ್ದರೆ ಹಿಂದಿನ ಮುಚ್ಚಳ ತೆಗೆದು ಸೆಲ್ಲುಗಳನ್ನು ಇದ್ದಲ್ಲೇ ಗರಗರ ತಿರುಗಿಸುವುದು. ಕಟ್ಟಕಡೆಗೆ ಮೇಲಿನ ಸೆಲ್ಲನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕುವುದು.

ತಮಾಷೆಯೆಂದರೆ ಇದು ಕೆಲವೊಮ್ಮೆ ಫಲಿಸುತ್ತದೆ, ಫಲಿಸುವುದಕ್ಕೆ ಕಾರಣವೂ ಇದೆ. ರಬ್ಬರಿನ ಗುಂಡಿಯ ತಳದಲ್ಲಿ ಒಂದು ಕರಿ ಇಂಗಾಲದ ಚುಕ್ಕಿಯಿರುತ್ತದೆ. ಒತ್ತಿದಾಗ ಅದು ಒಳಗಿನ ಹಲಗೆಯ ಮೇಲಿರುವ ಎರಡು ಗೆರೆಗಳನ್ನು ಜೋಡಿಸುತ್ತದೆ. ವರ್ಷಗಟ್ಟಲೆ ಒತ್ತಿ ಆ ಚುಕ್ಕಿ ಸವೆದಿದ್ದರೆ, ಅದರ ಮೇಲೆ ಕೈಜಿಡ್ಡು, ದೂಳು ಕೂತಿದ್ದರೆ, ಹಗುರವಾಗಿ ಒತ್ತಿದಾಗ ಆಗದ ಸಂಪರ್ಕ ಬಲವಾಗಿ ಒತ್ತಿದಾಗ ಆಗುತ್ತದೆ. ಸೆಲ್ಲು ತಿರುಗಿಸಿದರೆ ಅದರ ತುದಿಗೂ ಸ್ಪ್ರಿಂಗಿಗೂ ನಡುವೆ ಕಟ್ಟಿದ ಕಿಲುಬು ಕೆರೆದುಹೋಗಿ ಒಂದೆರಡು ದಿನ ನಡೆಯುತ್ತದೆ. ಆದರೆ ಸೆಲ್ಲೇ ಸತ್ತಿದ್ದರೆ, ಹೆಬ್ಬೆರಳು ನೀಲಿಗಟ್ಟುವಂತೆ ಒತ್ತಿದರೂ ಅದಕ್ಕೆ ಜೀವ ಬಾರದು. ಜಿಡ್ಡು, ಕಿಲುಬು, ಸತ್ತ ಸೆಲ್ಲು: ಮೂರು ಬೇರೆ ಬೇರೆ ರೋಗ, ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ, ಮೂರಕ್ಕೂ ನಮ್ಮಲ್ಲಿರುವ ಔಷಧ ಎರಡೇಟು. ಒಮ್ಮೆ ನಾಟುತ್ತದೆ, ಮೂರು ಸಲ ನಾಟುವುದಿಲ್ಲ.

ಈ "ಒಮ್ಮೊಮ್ಮೆ" ಇದೆಯಲ್ಲ, ಎಲ್ಲ ಮೂಢನಂಬಿಕೆಯ ಗೊಬ್ಬರ ಅದೇ. ಪ್ರತಿ ಸಲ ಫಲ ಕೊಡುವ ಅಭ್ಯಾಸಕ್ಕಿಂತ ಆಗೊಮ್ಮೆ ಈಗೊಮ್ಮೆ ಫಲ ಕೊಡುವ ಅಭ್ಯಾಸ ಬಿಡಿಸುವುದು ಕಷ್ಟ, ಇದು ಮನಶ್ಶಾಸ್ತ್ರದವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ದೀಪದ ಸ್ವಿಚ್ಚು ಯಾವಾಗಲೂ ಕೆಲಸ ಮಾಡುತ್ತದೆ. ಒಂದು ದಿನ ಮಾಡದಿದ್ದರೆ ಎರಡು ಸಲ ಒತ್ತಿ, ಮೂರನೆಯ ಸಲಕ್ಕೆ ಬಲ್ಬು ನೋಡುತ್ತೇವೆ, ಫ್ಯೂಸು ನೋಡುತ್ತೇವೆ. ಸ್ವಿಚ್ಚಿನ ಬಗ್ಗೆ ಯಾರಿಗೂ ಮೂಢನಂಬಿಕೆಯಿಲ್ಲ. ರಿಮೋಟಿನ ಬೆನ್ನಿಗೆ ಮಾತ್ರ ಏಟು ತಪ್ಪಿದ್ದಲ್ಲ. (ನಿಜವಾಗಿ ರಿಪೇರಿ ಬೇಕಿದ್ದವರು ಹೀಗೆ ಮಾಡಿ: ರಿಮೋಟಿನ ಮೂತಿಯನ್ನು ಮೊಬೈಲಿನ ಮುಂಬದಿಯ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹೆಚ್ಚಿನ ಕ್ಯಾಮೆರಾಗಳಲ್ಲಿ ಬಿಳಿಯಾಗಿಯೋ ನೇರಳೆಯಾಗಿಯೋ ಮಿಣುಕುತ್ತದೆ. ಎಲ್ಲ ಗುಂಡಿಗೂ ಮಿಣುಕಿದರೆ ರಿಮೋಟು ಸರಿಯಿದೆ. ಕೆಲವು ಗುಂಡಿಗೆ ಮಾತ್ರ ಮಿಣುಕಿದರೆ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಚುಕ್ಕಿಗಳನ್ನೂ ಗೆರೆಗಳನ್ನೂ ಒರೆಸಿ ಒಣಗಿಸಿ. ಯಾವುದಕ್ಕೂ ಮಿಣುಕದಿದ್ದರೆ ಎರಡೂ ಸೆಲ್ಲು ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಹಾಕುವ ಜಿಪುಣತನ ಬೇಡ.)

ಇನ್ನು ಬೆಕ್ಕು. ಬೆಕ್ಕಿನ ಮೇಲಿನ ಆಪಾದನೆಯನ್ನು ನ್ಯಾಯವಾಗಿ ವಿಚಾರಿಸಬೇಕಾದರೆ ನಾಲ್ಕು ಮನೆಗಳ ಒಂದು ಪಟ್ಟಿ ಬೇಕು: ಬೆಕ್ಕು ಅಡ್ಡ ಬಂದು ಕೆಲಸ ಕೆಟ್ಟದ್ದು, ಬೆಕ್ಕು ಬಂದೂ ಕೆಲಸ ಆದದ್ದು, ಬೆಕ್ಕು ಬಾರದೆ ಕೆಲಸ ಕೆಟ್ಟದ್ದು, ಬೆಕ್ಕು ಬಾರದೆ ಕೆಲಸ ಆದದ್ದು. 100 ದಿನ ಹೊರಗೆ ಹೊರಟಿರಿ ಎಂದಿಟ್ಟುಕೊಳ್ಳಿ. 10 ದಿನ ಬೆಕ್ಕು ಅಡ್ಡ ಬಂತು, ಅದರಲ್ಲಿ 3 ದಿನ ಕೆಲಸ ಕೆಟ್ಟಿತು. ಉಳಿದ 90 ದಿನ ಬೆಕ್ಕಿನ ಸುಳಿವಿಲ್ಲ, ಅದರಲ್ಲಿ 27 ದಿನ ಕೆಲಸ ಕೆಟ್ಟಿತು. ಭಾಗಿಸಿ ನೋಡಿದರೆ ಎರಡೂ ಕಡೆ ಹತ್ತಕ್ಕೆ ಮೂರು, ಬೆಕ್ಕು ನಿರಪರಾಧಿ. ಆದರೆ ನಮ್ಮ ತಲೆಯೊಳಗಿನ ಗುಮಾಸ್ತ ನಾಲ್ಕು ಮನೆ ತುಂಬುವ ಪೈಕಿಯಲ್ಲ. ಮೊದಲ ಮನೆಯ ಆ ಮೂರು ದಿನವನ್ನು ಕೆಂಪು ಶಾಯಿಯಲ್ಲಿ ಬರೆದು ಪುಸ್ತಕ ಮುಚ್ಚಿಬಿಡುತ್ತಾನೆ. ಬೆಕ್ಕಿಲ್ಲದೆ ಕೆಟ್ಟ 27 ದಿನಗಳಿಗೆ ಸಾಕ್ಷಿಯೇ ಇಲ್ಲ. "ಇವತ್ತು ಬೆಕ್ಕು ಅಡ್ಡ ಬರಲಿಲ್ಲ, ಆದರೂ ಕೆಲಸ ಕೆಟ್ಟಿತು" ಎಂದು ಗೊಣಗುತ್ತ ಮನೆಗೆ ಬಂದವರು ಯಾರಿದ್ದಾರೆ?

ಬೆಕ್ಕಿನ ಮೇಲೆ ಇನ್ನೊಂದು ಅನ್ಯಾಯವೂ ನಡೆಯುತ್ತದೆ. ಬೆಕ್ಕು ಕಂಡವರು ನಿಲ್ಲುತ್ತಾರೆ, ವಾಪಸು ಒಳಗೆ ಹೋಗುತ್ತಾರೆ, ನೀರು ಕುಡಿಯುತ್ತಾರೆ, ಐದು ನಿಮಿಷ ಕೂರುತ್ತಾರೆ. ಕೂತಾಗ ಕೈಯಲ್ಲಿದ್ದ ಕನ್ನಡಕ ಪಕ್ಕಕ್ಕೆ ಇಡುತ್ತಾರೆ. ಹೊರಡುವಾಗ ಕನ್ನಡಕ ಅಲ್ಲೇ ಉಳಿಯುತ್ತದೆ, ಬಸ್ಸು ಮುಂದಕ್ಕೆ ಹೋಗಿರುತ್ತದೆ, ತಲುಪಿದಾಗ ತಡ, ಸಹಿ ಹಾಕಬೇಕಾದ ಜಾಗ ಕಣ್ಣಿಗೆ ಕಾಣುವುದಿಲ್ಲ. ಬೆಕ್ಕು ಅಷ್ಟು ಹೊತ್ತಿಗೆ ಎಲ್ಲೋ ಬಿಸಿಲು ಕಾಯಿಸುತ್ತ ಮಲಗಿರುತ್ತದೆ.

ಕೆಲವು ದುರದೃಷ್ಟಗಳಿಗೆ ಹಣೆಬರಹಕ್ಕಿಂತ ಲೆಕ್ಕ ಚೆನ್ನಾಗಿ ಒಪ್ಪುತ್ತದೆ. ಮೂರು ಸಾಲುಗಳಿರುವಲ್ಲಿ ನಾವು ನಿಂತ ಸಾಲೇ ಎಲ್ಲಕ್ಕಿಂತ ಬೇಗ ಸಾಗುವ ಸಂಭವ ಮೂರರಲ್ಲಿ ಒಂದು. ಅಂದರೆ ಮೂರರಲ್ಲಿ ಎರಡು ಸಲ ಪಕ್ಕದ ಸಾಲು ಮುಂದೆ ಹೋಗಲೇಬೇಕು. ಬೆಣ್ಣೆ ಸವರಿದ ಬ್ರೆಡ್ಡು ಬೆಣ್ಣೆಯ ಕಡೆಯೇ ನೆಲಕ್ಕೆ ಬೀಳುವುದೂ ಹೀಗೆ. 1995ರಲ್ಲಿ ಬ್ರಿಟನ್ನಿನ ರಾಬರ್ಟ್ ಮ್ಯಾಥ್ಯೂಸ್ ಅದರ ಭೌತಶಾಸ್ತ್ರ ಬಿಡಿಸಿಟ್ಟರು. 75 ಸೆಂಟಿಮೀಟರ್ ಎತ್ತರದ ಮೇಜಿನ ಅಂಚಿನಿಂದ ಜಾರಿದ ಚೂರು ನೆಲ ಮುಟ್ಟಲು ಸುಮಾರು 0.4 ಸೆಕೆಂಡು ಸಾಕು. ಅಷ್ಟರಲ್ಲಿ ಅದಕ್ಕೆ ಅರ್ಧ ಪಲ್ಟಿಯಷ್ಟೇ ಸಾಧ್ಯ, ಪೂರ್ತಿ ಸುತ್ತು ಬರಲು ಹೊತ್ತಿಲ್ಲ. ಮೇಲಿದ್ದ ಬೆಣ್ಣೆ ಕೆಳಗೆ. ದೋಷ ಗ್ರಹಗಳದ್ದಲ್ಲ, ಬಡಗಿಯದು.

ನೆಗಡಿ ಸಾಮಾನ್ಯವಾಗಿ ವಾರದಿಂದ ಹತ್ತು ದಿನದೊಳಗೆ ತಾನೇ ಹೋಗುತ್ತದೆ. ಮೊದಲ ದಿನ ಯಾರೂ ಪರಿಹಾರ ಹುಡುಕುವುದಿಲ್ಲ. ಮೂಗು ಪೂರ್ತಿ ಕಟ್ಟಿ, ಇನ್ನು ತಾಳಲಾರೆ ಎನಿಸಿದ ದಿನ ಕೈಗೆ ದಾರ ಬರುತ್ತದೆ, ತಲೆದಿಂಬಿನ ದಿಕ್ಕು ಬದಲಾಗುತ್ತದೆ. ಅತಿ ಕೆಟ್ಟ ದಿನದ ಮರುದಿನ ಅದಕ್ಕಿಂತ ಕೆಟ್ಟದಾಗಿರುವ ಸಂಭವ ಕಡಿಮೆ. ಕೀರ್ತಿ ದಾರಕ್ಕೆ. ತೀರಾ ಆಚೀಚೆ ಹೋದದ್ದು ಸರಾಸರಿಯ ಕಡೆ ಮರಳುತ್ತದೆ ಎಂಬುದನ್ನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ, ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ಬರೆದಿದ್ದರು. ದಾರ ಕಟ್ಟುವವರಿಗೆ ಅದು ಅವರಿಗಿಂತ ಮೊದಲೇ ಗೊತ್ತಿತ್ತು, ಬರೆದಿಡಲಿಲ್ಲ.

ಸರಿ, ಲೆಕ್ಕ ಗೊತ್ತಿರುವವರು ನಂಬುವುದಿಲ್ಲವೇ? ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಯೋಗಕ್ಕೆ ಬಂದವರ ಎದುರಿಗೇ ಎರಡು ಖಾಲಿ ಬಾಟಲಿಗಳಿಗೆ ಸಕ್ಕರೆ ಸುರಿದರು. ಎರಡು ಚೀಟಿ ಕೊಟ್ಟರು, ಒಂದರ ಮೇಲೆ "ಸಕ್ಕರೆ", ಇನ್ನೊಂದರ ಮೇಲೆ "ಸೋಡಿಯಂ ಸಯನೈಡ್". ಯಾವುದನ್ನು ಯಾವುದಕ್ಕೆ ಅಂಟಿಸಬೇಕೆಂದು ಬಂದವರೇ ಆರಿಸಿ, ತಮ್ಮ ಕೈಯಿಂದಲೇ ಅಂಟಿಸಿದರು. ಆಮೇಲೆ ಆ ಸಕ್ಕರೆ ಕದಡಿದ ನೀರು ಕುಡಿಯಿರಿ ಎಂದರೆ, ಸಯನೈಡ್ ಚೀಟಿಯ ಬಾಟಲಿಯದ್ದು ಬೇಡವೆನ್ನಿಸಿತು. ವಿಷವಲ್ಲವೆಂದು ಬುದ್ಧಿಗೆ ಗೊತ್ತು. ನಾಲಿಗೆಗೆ ಯಾರು ಹೇಳುವುದು?

ಅದೂ ಅಲ್ಲದೆ ಇದು ಅಗ್ಗದ ವಿಮೆ. ಹೋದರೆ ಒಂದು ಕಲ್ಲು, ಬಿದ್ದರೆ ಒಂದು ಹಣ್ಣು. ಆಡಿದ ಒಳ್ಳೆಯ ಮಾತಿಗೆ ದೃಷ್ಟಿ ತಾಗದಿರಲೆಂದು ಮರದ ಮೇಜನ್ನು ಮೂರು ಸಲ ತಟ್ಟಲು ಎರಡು ಸೆಕೆಂಡು ಸಾಕು. "ಈ ವರ್ಷ ಒಂದು ಸಲವೂ ಆಸ್ಪತ್ರೆಗೆ ಹೋಗಿಲ್ಲ ನೋಡಿ" ಎಂದು ಹೇಳಿ, ತಟ್ಟದೆ ಸುಮ್ಮನೆ ಕೂತು, ಆಮೇಲೆ ಜಾರಿ ಬಿದ್ದರೆ? ಬಿದ್ದ ನೋವಿಗಿಂತ ತಟ್ಟದೆ ಬಿದ್ದೆನಲ್ಲ ಎಂಬ ಕೊರಗು ದೊಡ್ಡದು. ಈ ತಟ್ಟುವುದರ ಬಗ್ಗೆಯೂ 2014ರಲ್ಲಿ ಪ್ರಯೋಗ ನಡೆದಿದೆ. ಮುಖ್ಯವಾದದ್ದು ಮರವಲ್ಲ, ಕೈ ನಮ್ಮಿಂದ ಹೊರಕ್ಕೆ ಚಲಿಸುವುದು. ಚೆಂಡನ್ನು ಆಚೆಗೆ ಎಸೆದರೂ ಮನಸ್ಸಿಗೆ ಅಷ್ಟೇ ಸಮಾಧಾನ ಸಿಗುತ್ತದಂತೆ. ಆದರೆ ಮಾತಿನ ಮಧ್ಯೆ ಎದ್ದು ಚೆಂಡು ಎಸೆಯುವವರನ್ನು ಜನ ಬೇರೆ ಥರ ನೋಡುತ್ತಾರೆ, ಆದ್ದರಿಂದ ಮೇಜೇ ಕ್ಷೇಮ.

ಕೈಯಲ್ಲಿ ಹತೋಟಿ ಕಡಿಮೆಯಾದಷ್ಟೂ ವಿಧಿ ಹೆಚ್ಚು. ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು ಬಂದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಇದನ್ನು ನೂರು ವರ್ಷದ ಹಿಂದೆಯೇ ಗಮನಿಸಿದ್ದರು. ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯಲು ಯಾವ ಮಂತ್ರವೂ ಇಲ್ಲ, ತೆರೆದ ಕಡಲಿಗೆ ಹೊರಟರೆ ಮಂತ್ರವೋ ಮಂತ್ರ. ಆಟದ ಮೈದಾನವೂ ತೆರೆದ ಕಡಲೇ. ಟೆನಿಸ್ಸಿನ ರಫೇಲ್ ನಡಾಲ್ ತನ್ನ ಎರಡು ನೀರಿನ ಬಾಟಲಿಗಳ ಚೀಟಿ ಒಂದೇ ದಿಕ್ಕಿಗೆ ಇರುವಂತೆ ಜೋಡಿಸಿದ ಮೇಲೇ ಆಟಕ್ಕೆ ಏಳುತ್ತಿದ್ದದ್ದು. ಕ್ರಿಕೆಟ್ ಅಂಪೈರ್ ಡೇವಿಡ್ ಶೆಫರ್ಡ್ ಕ್ರಿಕೆಟ್ಟಿನವರು ಅಪಶಕುನವೆನ್ನುವ 111ಕ್ಕೆ ರನ್ ಬಂದು ನಿಂತರೆ ಒಂದು ಕಾಲೆತ್ತಿ ಕುಪ್ಪಳಿಸುತ್ತಿದ್ದರು, 222ಕ್ಕೂ ಹಾಗೆಯೇ. ಗೆದ್ದರೂ ಸೋತರೂ ಅವರಿಗೇನೂ ಬರುವುದಿತ್ತೇ? ಅಂಪೈರಾದವರಿಗೂ ಬಿಡದ ರೋಗ ಇದು.

ನಿಮ್ಮ ಅದೃಷ್ಟದ ಪೆನ್ನನ್ನು ಪರೀಕ್ಷಿಸುವ ಧೈರ್ಯವಿದ್ದರೆ ದಾರಿ ಸುಲಭ. ಒಂದು ನೋಟುಪುಸ್ತಕ, ಒಂದು ನಾಣ್ಯ. ಮುಖ್ಯವಾದ ಕೆಲಸಕ್ಕೆ ಹೊರಡುವ ಮುನ್ನ ನಾಣ್ಯ ಚಿಮ್ಮಿಸಿ. ಮುಖ ಬಿದ್ದರೆ ಪೆನ್ನು ಜೇಬಿಗೆ, ಹಿಂಬದಿ ಬಿದ್ದರೆ ಪೆನ್ನು ಮನೆಯಲ್ಲಿ. ಕೆಲಸ ಆಯಿತೆಂದರೆ ಏನರ್ಥ ಎಂಬುದನ್ನು ಮೊದಲೇ ಬರೆದಿಡಿ, ಆಮೇಲೆ "ಅರ್ಧ ಆಯಿತು, ಆದ ಹಾಗೇ ಲೆಕ್ಕ" ಎನ್ನುವಂತಿಲ್ಲ. ಕನಿಷ್ಠ 40 ಸಲ ಮಾಡಿ. ಮೂರು ಸಲಕ್ಕೆ ನಿಲ್ಲಿಸಿದರೆ, ಆಗುವುದೂ ಆಗದಿರುವುದೂ ಸಮಪಾಲಿನ ಕೆಲಸದಲ್ಲಿ ಮೂರಕ್ಕೆ ಮೂರೂ ಗೆಲ್ಲುವ ಸಂಭವ ಎಂಟರಲ್ಲಿ ಒಂದಿದ್ದೇ ಇದೆ. ನಡುವೆ ಸತತ ನಾಲ್ಕು ಗೆಲುವು ಬಂದರೆ ಪುಳಕಗೊಳ್ಳಬೇಡಿ. ನಾಣ್ಯವನ್ನು ಬರೀ 20 ಸಲ ಚಿಮ್ಮಿಸಿದರೂ ನಾಲ್ಕು ಸಲ ಒಂದೇ ಸಮನೆ ಒಂದೇ ಬದಿ ಬೀಳುವುದು ನೂರಕ್ಕೆ 77ರಷ್ಟು ಸಂಭವ.

ಈ ಪರೀಕ್ಷೆ ಕೆಡುವ ಜಾಗವೂ ಗೊತ್ತಿರುವುದೇ. ಸಣ್ಣಪುಟ್ಟ ಕೆಲಸದ ದಿನಗಳಲ್ಲಿ ಎಲ್ಲ ಸರಿಯಾಗಿ ನಡೆಯುತ್ತದೆ. ಸಂದರ್ಶನದ ದಿನ ಬೆಳಿಗ್ಗೆ ನಾಣ್ಯ ಚಿಮ್ಮಿಸಿದರೆ ಹಿಂಬದಿ ಬೀಳುತ್ತದೆ. ಆಗ, ನಾಣ್ಯ ಮೇಜಿನ ಅಂಚಿಗೆ ತಾಗಿತ್ತಲ್ಲ, ಇನ್ನೊಮ್ಮೆ ಹಾಕೋಣ ಎನಿಸುತ್ತದೆ. ಮತ್ತೆ ಹಿಂಬದಿ. ಮೂರರಲ್ಲಿ ಎರಡೆಂದು ಯಾರು ಹೇಳಿದ್ದು, ಐದರಲ್ಲಿ ಮೂರು.