ಅಲ್ಪಸಂಖ್ಯಾತರಾಗಲು ಅಲ್ಪರಾಗಿದ್ದರೆ ಸಾಲದು

ಅಲ್ಪಸಂಖ್ಯಾತರು ಎಂದರೆ ಯಾರು? ‘ಕಡಿಮೆ ಜನ ಇರುವವರು’ ಎಂದು ನೀವು ಹೇಳಿದರೆ ನಿಮಗೆ ಲೆಕ್ಕ ಬರುತ್ತದೆ, ಕಾನೂನು ಬರುವುದಿಲ್ಲ. 1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗ ಕಾಯ್ದೆಯ ಪ್ರಕಾರ, ಅಲ್ಪಸಂಖ್ಯಾತರು ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದವರೇ ಅಲ್ಪಸಂಖ್ಯಾತರು. ಮಳೆ ಎಂದರೇನು ಎಂದು ಕೇಳಿದರೆ ಹವಾಮಾನ ಇಲಾಖೆ ಮಳೆ ಎಂದು ಘೋಷಿಸಿದ್ದೇ ಮಳೆ ಎಂದ ಹಾಗೆ. ನೀವು ತೊಯ್ದು ತೊಪ್ಪೆಯಾಗಿದ್ದೀರಾ? ಅದು ನಿಮ್ಮ ಖಾಸಗಿ ವಿಚಾರ.

1993ರಲ್ಲಿ ಮುಸ್ಲಿಮರು, ಕ್ರೈಸ್ತರು, ಸಿಖ್ಖರು, ಬೌದ್ಧರು, ಪಾರ್ಸಿಗಳು ಪಟ್ಟಿ ಸೇರಿದರು. 2014ರಲ್ಲಿ ಜೈನರು ಸೇರಿದರು. ದೇಶದಲ್ಲೆಲ್ಲ ಸೇರಿ ಐದು ಸಾವಿರದ ಆಚೀಚೆ ಇರುವ ಯಹೂದಿಗಳು ಮಾತ್ರ ಸೇರಲಿಲ್ಲ. ಪಟ್ಟಿಯಲ್ಲಿ ಇಲ್ಲ ಎಂದಮೇಲೆ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನವೂ ಇಲ್ಲ.

2011ರ ಜನಗಣತಿಯಲ್ಲಿ ಪಾರ್ಸಿಗಳು 57 ಸಾವಿರ ಚಿಲ್ಲರೆ. ಸಂಖ್ಯೆ ಕುಸಿಯುತ್ತಿದೆ ಎಂದು ಸರ್ಕಾರ ಗಾಬರಿಗೊಂಡು, ಅವರ ಮನೆಗಳಲ್ಲಿ ತೊಟ್ಟಿಲು ತೂಗಲಿ ಎಂದು ‘ಜಿಯೋ ಪಾರ್ಸಿ’ ಯೋಜನೆಯನ್ನೇ ತಂದಿತು. ಒಳ್ಳೆಯ ಕೆಲಸ, ತಕರಾರಿಲ್ಲ. ಆದರೆ ಅದರ ಹತ್ತನೇ ಒಂದು ಭಾಗವೂ ಇಲ್ಲದವರ ಗತಿ? ಗಣತಿಯ ನಮೂನೆಯಲ್ಲಿ ಅವರ ಜಾಗ ‘ಇತರೆ ಧರ್ಮಗಳು’. ನಮ್ಮಲ್ಲಿ ಅಲ್ಪಸಂಖ್ಯಾತರಾಗಬೇಕಾದರೂ ಒಂದು ಕನಿಷ್ಠ ಸಂಖ್ಯಾಬಲ ಬೇಕು ಎಂದಾಯಿತು.

ಠಾಣೆಯ ಬೆನೆ ಇಸ್ರೇಲ್ ಎಂಬ ಯಹೂದಿ ಪಂಗಡದ ತಂದೆಯೊಬ್ಬರು ಮಗಳ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಕಚೇರಿಗೆ ಹೋಗಿದ್ದಾರೆ ಎಂದುಕೊಳ್ಳಿ. ಅವರ ಹಿರಿಯರು ಶತಮಾನಗಳ ಕಾಲ ಕೊಂಕಣದಲ್ಲಿ ಎಣ್ಣೆ ಗಾಣ ಆಡಿಸಿದವರು. ಅವರ ಧರ್ಮದಲ್ಲಿ ಬಿಡುವಿನ ದಿನವಾದ ಶನಿವಾರ ಎತ್ತಿನ ಕೊರಳು ಬಿಚ್ಚುತ್ತಿದ್ದುದರಿಂದ ಊರವರು ಅವರನ್ನು ‘ಶನಿವಾರ ತೇಲಿ’ (ಶನಿವಾರದ ಗಾಣಿಗರು) ಎಂದು ಕರೆದರು. ಅಂದರೆ ಇವರು ಬೇರೆಯವರು ಎಂಬುದು ಹಳ್ಳಿಯ ಜನಕ್ಕೆ ಯಾವ ಅಧಿಸೂಚನೆಯೂ ಇಲ್ಲದೆ ಗೊತ್ತಾಗಿತ್ತು.

“ಸಾಹೇಬರೇ, ಪಟ್ಟಿಯಲ್ಲಿ ನಮ್ಮ ಧರ್ಮ ಕಾಣಿಸುತ್ತಿಲ್ಲ.”

“ಇರುವುದರಲ್ಲೇ ಒಂದನ್ನು ಆರಿಸಿಕೊಳ್ಳಿ.”

“ಸುಳ್ಳಾಗುತ್ತದೆಯಲ್ಲ?”

“ಹಾಗಾದರೆ ನೀವು ಬಹುಸಂಖ್ಯಾತರು. ಮುಂದಿನವರು ಬನ್ನಿ.”

ಇಷ್ಟು ಸಲೀಸಾಗಿ ಬಹುಮತ ಪಡೆದ ಸಮುದಾಯ ಚರಿತ್ರೆಯಲ್ಲಿ ಇನ್ನೊಂದು ಇರಲಾರದು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಇಲ್ಲಿ ಗಾದೆ ತಲೆಕೆಳಗು: ಪೂಜಾರಿ ಕೊಟ್ಟ, ದೇವರು ಕೊಡಲಿಲ್ಲ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಯಹೂದಿಗಳಿಗೆ ಅಲ್ಪಸಂಖ್ಯಾತರ ಸ್ಥಾನ ನೀಡಿತು. 2018ರಲ್ಲಿ ಗುಜರಾತ್ ನೀಡಿತು. ಅದೇ ವರ್ಷದ ಆರಂಭದಲ್ಲಿ ಇಸ್ರೇಲಿನ ಪ್ರಧಾನಿಗೆ ಅಹಮದಾಬಾದಿನಲ್ಲಿ ರೋಡ್ ಶೋ ಸತ್ಕಾರವೂ ಆಗಿತ್ತು. ಹನಿ ನೀರಾವರಿ, ಕ್ಷಿಪಣಿ, ಡ್ರೋನ್ ಎಲ್ಲದರಲ್ಲೂ ಗೆಳೆತನ ಗಟ್ಟಿಯಾಯಿತು. ದಿಲ್ಲಿಯ ಪಟ್ಟಿಗೆ ಒಂದು ಪದ ಸೇರಿಸುವಷ್ಟು ಮಾತ್ರ ಗಟ್ಟಿಯಾಗಲಿಲ್ಲ.

ಹೀಗಾಗಿ ಆ ತಂದೆ ಮುಂಬೈಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೊಲ್ಲಾಪುರದವರೆಗೂ ಅಲ್ಪಸಂಖ್ಯಾತರು. ಗಡಿ ದಾಟಿ ಕಲಬುರಗಿಯ ಬಿಸಿಲು ಮುಖಕ್ಕೆ ಬಡಿಯುವಷ್ಟರಲ್ಲಿ ಆ ಪಟ್ಟ ಕಳಚಿ ಬಿದ್ದಿರುತ್ತದೆ. ಬೆಂಗಳೂರಿನಲ್ಲಿ ಅವರ ಸಮುದಾಯಕ್ಕೆ ಜಾಗ ಇಲ್ಲವೆಂದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ಮೈಸೂರು ರಸ್ತೆಯ ಬಳಿ ಅವರಿಗೆ ಸ್ಮಶಾನವಾಗಿದೆ. ಮಹಾರಾಜರು ಗುರುತಿಸಲು ಅಧಿಸೂಚನೆಗಾಗಿ ಕಾಯಲಿಲ್ಲ, ಪಾಪ.

ರಾಜ್ಯವಾರು ನೋಡಬೇಕೆಂಬ ಮಾತಿಗೂ ನಮಗೂ ನಂಟಿದೆ. 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಶಿಕ್ಷಣ ಸಂಸ್ಥೆ ಕಟ್ಟುವ ಹಕ್ಕಿನ ಮಟ್ಟಿಗೆ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನೇ ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕು ಎಂದಿತು. 2022ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರವೂ ಅದೇ ನ್ಯಾಯಾಲಯಕ್ಕೆ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿ, ರಾಜ್ಯಗಳೂ ಘೋಷಿಸಬಹುದು, ನೋಡಿ, ಮಹಾರಾಷ್ಟ್ರ ಯಹೂದಿಗಳನ್ನು ಘೋಷಿಸಿದೆ, ಕರ್ನಾಟಕ ತುಳು, ಲಂಬಾಣಿ, ಕೊಂಕಣಿಗಳನ್ನು ಅಲ್ಪಸಂಖ್ಯಾತ ಭಾಷೆಗಳೆಂದಿದೆ ಎಂದು ಉದಾಹರಣೆ ಕೊಟ್ಟಿತು. (ಭಾಷೆಗಳ ಪಟ್ಟಿಯಿರುವ ಸಂವಿಧಾನದ ಎಂಟನೇ ಪರಿಚ್ಛೇದದ ಬಾಗಿಲಲ್ಲಿ ನಿಂತು ಕಾಲು ನೋಯಿಸಿಕೊಂಡಿರುವ ತುಳುವಿಗೆ ದಿಲ್ಲಿಯಲ್ಲಿ ಸಾಕ್ಷಿ ಹೇಳುವ ಗೌರವವಾದರೂ ಸಿಕ್ಕಿತು.) ಎರಡು ತಿಂಗಳು ಕಳೆಯುವುದರೊಳಗೆ, ಮೇ ತಿಂಗಳಲ್ಲಿ, ಹೊಸ ಪ್ರಮಾಣಪತ್ರ: ಘೋಷಿಸುವ ಅಧಿಕಾರ ಕೇಂದ್ರದ್ದು. ಉದಾಹರಣೆಯಾಗಿ ಮೆರೆದವರು ಮತ್ತೆ ಇತರೆಯಾದರು.

ಕೋಲ್ಕತ್ತದ ಕಥೆ ಇನ್ನೂ ಸೊಗಸು. ಅಲ್ಲಿಯ ಬಾಗ್ದಾದಿ ಯಹೂದಿಗಳು 1881ರಲ್ಲಿ ತಮ್ಮ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಕಾಲಕ್ರಮದಲ್ಲಿ ಯಹೂದಿಗಳು ವಲಸೆ ಹೋದರು, ಶಾಲೆ ಹೋಗಲಿಲ್ಲ. ಇಂದು ಜ್ಯೂಯಿಷ್ ಗರ್ಲ್ಸ್ ಸ್ಕೂಲಿನ ಬಹುಪಾಲು ವಿದ್ಯಾರ್ಥಿನಿಯರು ಮುಸ್ಲಿಂ ಮನೆಗಳವರು. ಯಹೂದಿಗಳೇ ಕಟ್ಟಿದ ಮುಂಬೈ ಬೈಕುಲಾದ ಸಸೂನ್ ಶಾಲೆಯಲ್ಲಿಯೂ ಹೀಗೆಯೇ. ಜಗತ್ತು ಯಹೂದಿ, ಮುಸ್ಲಿಂ ಎಂಬ ಎರಡು ಹೆಸರುಗಳನ್ನು ಒಂದೇ ವಾಕ್ಯದಲ್ಲಿ ಬಾಂಬಿಲ್ಲದೆ ಬರೆಯಲು ತಿಣುಕುತ್ತಿರುವಾಗ ಅಲ್ಲಿಯ ಮಕ್ಕಳು ಮಗ್ಗಿ ಕಲಿಯುತ್ತಿದ್ದಾರೆ. ನಮ್ಮ ಕಡತ ಮಾತ್ರ ಇದನ್ನು ಕಂಡು ಕಕ್ಕಾಬಿಕ್ಕಿ. ಅಲ್ಲಿ ಓದುವ ಮುಸ್ಲಿಂ ಹುಡುಗಿ ಕೇಂದ್ರದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ ಅರ್ಹಳಾಗಿದ್ದಳು, ಶಾಲೆ ಕಟ್ಟಿದವರ ಮರಿಮಗಳು ಬಂದು ಸೇರಿದ್ದರೆ ಅನರ್ಹಳಾಗುತ್ತಿದ್ದಳು. ಶಾಲೆಗೆ ಅಲ್ಪಸಂಖ್ಯಾತ ಸಂಸ್ಥೆಯ ಪಟ್ಟ ಬೇಕಾದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಸಮುದಾಯದವರೇ ಆಗಿರಬೇಕು ಎಂಬ ನಿಯಮ ಕೆಲವು ರಾಜ್ಯಗಳಲ್ಲಿದೆ. ಕೋಲ್ಕತ್ತದಲ್ಲಿ ಈಗ ಬೆರಳೆಣಿಕೆಯ ಯಹೂದಿಗಳು, ಅವರಲ್ಲಿ ಹೆಚ್ಚಿನವರು ಮುದುಕರು. ಅಜ್ಜಂದಿರನ್ನು ಒಂದನೇ ತರಗತಿಗೆ ಸೇರಿಸಬೇಕಷ್ಟೆ. ಬಿಸಿಯೂಟವಾದರೂ ಸಿಕ್ಕೀತು.

ಇಷ್ಟಾದಮೇಲೂ ಪಟ್ಟಿ ಸೇರುವ ಆಸೆ ಇದ್ದವರಿಗೆ ಒಂದು ಸುದ್ದಿ. ಪ್ರಮಾಣಪತ್ರಗಳ ಅದೇ 2022ರ ಕೊನೆಗೆ ಕೇಂದ್ರವು ಅಲ್ಪಸಂಖ್ಯಾತ ಮಕ್ಕಳಿಗೆ ಒಂದರಿಂದ ಎಂಟನೇ ತರಗತಿಯವರೆಗೆ ಕೊಡುತ್ತಿದ್ದ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಓದು ಉಚಿತವಲ್ಲವೇ ಎಂದಿತು. ಸಂಶೋಧನೆ ಮಾಡುವವರ ಮೌಲಾನಾ ಆಜಾದ್ ಫೆಲೋಶಿಪ್ಪನ್ನೂ ಕೈಬಿಟ್ಟಿತು. ಪಂಕ್ತಿಯ ಕೊನೆಯಲ್ಲಿ ಎಲೆ ಹಾಕಿಸಿಕೊಳ್ಳಲು ಮೂವತ್ತು ವರ್ಷ ನಿಂತವರಿಗೆ ಈಗ ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿದೆ.

ಠಾಣೆಯ ಆ ತಂದೆ ಇನ್ನೊಮ್ಮೆ ಕಿಟಕಿಗೆ ಬಂದಿದ್ದಾರೆ. ಮಗಳು ಆರನೇ ತರಗತಿ. ಈ ಸಲ ಗುಮಾಸ್ತರು ಮುಖವೆತ್ತಿ ನಗುತ್ತಾರೆ.

“ಇನ್ನು ನಿಮಗೆ ಯಾವ ಅನ್ಯಾಯವೂ ಇಲ್ಲ ಸಾಹೇಬರೇ. ನಿಮ್ಮ ಹಿಂದೆ ನಿಂತವರಿಗೂ ಇಲ್ಲ.”