ಸ್ಪಷ್ಟನೆ: ಸರ್ಕಾರಿ ಶುಲ್ಕವನ್ನು ಸಿಬ್ಬಂದಿಯ ಫೋನ್ ನಂಬರಿಗೆ ಹಾಕಬೇಡಿ

ಕೊಪ್ಪಳ, ಗಂಗಾವತಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಇನ್ನು ಚಲನ್ ಬೇಡ, ಇಲಾಖೆಯ ಶುಲ್ಕ ಆಫೀಸಿನವರ ಫೋನ್ ನಂಬರಿಗೆ ಹಾಕಿದರೆ ಸಾಕು." ಇದು ತಪ್ಪು.

ಸಂವಿಧಾನದ 266ನೇ ವಿಧಿ ಪ್ರಕಾರ ರಾಜ್ಯ ಸರ್ಕಾರದ ಆದಾಯ ಸಂಚಿತ ನಿಧಿಗೇ (ಅಂದರೆ ಸರ್ಕಾರದ ಮುಖ್ಯ ಖಾತೆಗೇ) ಸೇರಬೇಕು, ಯಾರ ಸ್ವಂತ ಖಾತೆಗೂ ಅಲ್ಲ. ಅದಕ್ಕೇ ರಾಜ್ಯ ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ-2ರಲ್ಲಿ ಚಲನ್ ತೆಗೆಯುವುದು. ಆನ್‌ಲೈನಲ್ಲೂ ಕಟ್ಟಬಹುದು, ಬ್ಯಾಂಕಿನಲ್ಲೂ ಕಟ್ಟಬಹುದು. ಚಲನ್‌ನಲ್ಲಿ ನಿಮ್ಮ ಹೆಸರು, ಇಲಾಖೆ, ಯಾತಕ್ಕೆ ಕಟ್ಟಿದ್ದು, ಎಷ್ಟು ಎಂಬುದರ ಜೊತೆ ಒಂದು ರೆಫರೆನ್ಸ್ ನಂಬರ್ ಇರುತ್ತದೆ. ಆ ನಂಬರೇ ಮುಖ್ಯ. ಇಲಾಖೆಯ ಲೆಕ್ಕ, ಖಜಾನೆಯ ಲೆಕ್ಕ ಎರಡನ್ನೂ ತಾಳೆ ನೋಡುವಾಗ ನಿಮ್ಮ ಹಣ ಪತ್ತೆಯಾಗುವುದು ಅದರಿಂದಲೇ. ಸುಮ್ನೆ ಫೋನಿಗೆ ಹಾಕಿದ ದುಡ್ಡು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಕಷ್ಟಪಟ್ಟು ದುಡಿದ ದುಡ್ಡು, ಅಲ್ವಾ?

ದಯವಿಟ್ಟು ಆ ಮೆಸೇಜನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.